ಗುಳೆ ಹೋದ ಮಗುವಿನ ಲಸಿಕೆ ಯಾರ ಲೆಕ್ಕಕ್ಕೆ?

ಮಾನ್ಯ ಸಂಪಾದಕರೇ,

ಮಕ್ಕಳ ಲಸಿಕಾ ಅಭಿಯಾನದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದರ ಕೊನೆಯ ಸಾಲುಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಹಿಂದುಳಿದ ತಾಲ್ಲೂಕುಗಳಲ್ಲಿ ಪಾಲಕರ ಅಜ್ಞಾನ ಮತ್ತು ಮೂಢನಂಬಿಕೆಯಿಂದಾಗಿ ಗುರಿ ಮುಟ್ಟಲಾಗಿಲ್ಲ. ಸೇವೆಯ ಬಹುಪಾಲನ್ನು ಯಾದಗಿರಿ, ರಾಯಚೂರು ಜಿಲ್ಲೆಗಳ ಆರೋಗ್ಯ ಉಪಕೇಂದ್ರಗಳಲ್ಲಿ ಕಳೆದು ನಿವೃತ್ತಳಾದ ನನಗೆ ಈ ಮಾತನ್ನು ಒಪ್ಪಿಕೊಳ್ಳುವುದು ಕಷ್ಟ. ತಾಂಡಾಗಳಲ್ಲಿ, ದೊಡ್ಡಿಗಳಲ್ಲಿ, ಊರ ಹೊರಗಿನ ಕೇರಿಗಳಲ್ಲಿ ಲಸಿಕೆಯೇ ಬೇಡವೆಂದು ಬಾಗಿಲು ಹಾಕಿಕೊಂಡ ಮನೆಗಳು ಇರಲಿಲ್ಲವೆಂದಲ್ಲ. ಆದರೆ ಅವು ಬೆರಳೆಣಿಕೆಯಷ್ಟು. ಮೊದಲ ಸೂಜಿ ಮಾಡಿಸಿ, ಎರಡನೆಯದನ್ನೂ ಮಾಡಿಸಿ, ಮೂರನೆಯದಕ್ಕೆ ಕಾಣದೇ ಹೋದ ಮಕ್ಕಳ ಹೆಸರುಗಳಿಂದಲೇ ನಮ್ಮ ರಿಜಿಸ್ಟರುಗಳು ತುಂಬಿರುತ್ತಿದ್ದವು. ಆ ಮಕ್ಕಳು ಎಲ್ಲಿ ಹೋದರು ಎಂಬ ಪ್ರಶ್ನೆಗೆ 'ಅಜ್ಞಾನ' ಉತ್ತರವಾಗುವುದಿಲ್ಲ.

ಮೊದಲು ಅಂಕಿಗಳನ್ನು ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 12ರಿಂದ 23 ತಿಂಗಳ ಮಕ್ಕಳ ಪೈಕಿ ಪೂರ್ಣ ಲಸಿಕೆ ಪಡೆದವರ ಪ್ರಮಾಣ 2015-16ರಲ್ಲಿ ಶೇ 62.6 ಇದ್ದದ್ದು 2019-21ರ ಹೊತ್ತಿಗೆ ಶೇ 84.1ಕ್ಕೆ ಏರಿತು. ಇದೇ ಅವಧಿಯಲ್ಲಿ ದೇಶದ ಸರಾಸರಿ ಶೇ 62ರಿಂದ ಶೇ 76.4ಕ್ಕೆ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಹಾಕಲು 2014ರ ಡಿಸೆಂಬರಿನಲ್ಲಿ ಶುರುವಾದ ಇಂದ್ರಧನುಷ್ ಅಭಿಯಾನಕ್ಕೂ, ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರಿಗೂ ಇದರಲ್ಲಿ ಪಾಲಿದೆ. ಆದರೆ ರಾಜ್ಯದ ಸರಾಸರಿಯೊಳಗೆ ತಾಲ್ಲೂಕು ಮುಚ್ಚಿಹೋಗುತ್ತದೆ, ತಾಲ್ಲೂಕಿನ ಸರಾಸರಿಯೊಳಗೆ ತಾಂಡಾ ಮುಚ್ಚಿಹೋಗುತ್ತದೆ. ಜೊತೆಗೆ, ಸಮೀಕ್ಷೆ 'ಪೂರ್ಣ' ಎನ್ನುವುದು ಕ್ಷಯ ತಡೆಯುವ ಬಿಸಿಜಿ, ಮೂರು ಬಾರಿಯ ಪೋಲಿಯೊ, ಮೂರು ಬಾರಿಯ ಪೆಂಟಾವೇಲೆಂಟ್ (ಗಂಟಲುಮಾರಿ, ನಾಯಿಕೆಮ್ಮು ಸೇರಿ ಐದು ರೋಗ ತಡೆಯುವ 'ಪೆಂಟಾ') ಅಥವಾ ಅವುಗಳಲ್ಲಿ ಮೂರನ್ನು ತಡೆಯುವ ಡಿಪಿಟಿ ಮತ್ತು ದಡಾರದ ಒಂದು ಡೋಸನ್ನು ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು. ಹದಿನಾರು ತಿಂಗಳ ನಂತರ ಕೊಡಬೇಕಾದ ದಡಾರ-ರುಬೆಲ್ಲಾದ ಎರಡನೇ ಡೋಸು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಅಂಕಿಯನ್ನೂ ಇದರ ಪಕ್ಕದಲ್ಲಿಡಬೇಕು. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಎಂದರೆ ಬಡವರ ಮಗುವೂ ಹುಟ್ಟುವುದು ದಾದಿಯ ಕೈಯಲ್ಲೇ. ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್-ಬಿ ಲಸಿಕೆಗಳನ್ನು ಪಡೆದೇ ಅದು ಮನೆ ಸೇರುತ್ತದೆ. ಹೆರಿಗೆಗೆ ಆಸ್ಪತ್ರೆಯನ್ನು ನಂಬಿ ಬಂದ ತಾಯಿಯೇ ಮೂರನೇ ಸೂಜಿಯ ಹದಿನಾಲ್ಕನೇ ವಾರಕ್ಕೆ ಮೂಢನಂಬಿಕೆಯವಳಾದಳು ಎನ್ನುವುದನ್ನು ಹೇಗೆ ನಂಬುವುದು?

ನಡುವೆ ಆಗುವುದು ಏನೆಂದರೆ, ಮಗುವಿನ ವೇಳಾಪಟ್ಟಿಗೂ ಕುಟುಂಬದ ದುಡಿಮೆಯ ವೇಳಾಪಟ್ಟಿಗೂ ತಾಳ ತಪ್ಪುತ್ತದೆ. ಶ್ರಾವಣದಲ್ಲಿ, ಆಗಸ್ಟ್ ನಡುಭಾಗದಲ್ಲಿ ಹುಟ್ಟಿದ ಮಗುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆರನೇ ವಾರದ ಲಸಿಕೆ ಸೆಪ್ಟೆಂಬರ್ ಕೊನೆಗೆ, ಹತ್ತನೇ ವಾರದ್ದು ಅಕ್ಟೋಬರ್ ಕೊನೆಗೆ, ಹದಿನಾಲ್ಕನೇ ವಾರದ್ದು ನವೆಂಬರ್ ಮೂರನೇ ವಾರಕ್ಕೆ, ಒಂಬತ್ತು ತಿಂಗಳ ದಡಾರದ ಲಸಿಕೆ ಮೇ ತಿಂಗಳಿಗೆ ಬೀಳುತ್ತವೆ. ಮಳೆಯಾಶ್ರಿತ ಹೊಲದ ಕೆಲಸ ಮುಗಿದು ದಸರೆ, ದೀಪಾವಳಿ ಕಳೆಯುತ್ತಿದ್ದಂತೆ ಈ ಭಾಗದ ಕುಟುಂಬಗಳು ಗುಳೆ ಹೊರಡುತ್ತವೆ. ಬೆಂಗಳೂರಿನ ಕಟ್ಟಡ ಕೆಲಸ, ಪುಣೆ, ಮುಂಬೈ, ಹೈದರಾಬಾದು, ಗೋವಾ, ಕಬ್ಬಿನ ಗದ್ದೆ, ಇಟ್ಟಿಗೆ ಭಟ್ಟಿ, ಹೀಗೆ ಮೇಸ್ತ್ರಿ ಮುಂಗಡ ಕೊಟ್ಟು ಕರೆದಲ್ಲಿಗೆ ಹೋಗಿ, ಯುಗಾದಿಗೋ ಮುಂಗಾರಿಗೋ ಮರಳುತ್ತವೆ. ಹಾಲು ಕುಡಿಯುವ ಮಗುವನ್ನು ಯಾವ ತಾಯಿಯೂ ಊರಲ್ಲಿ ಬಿಟ್ಟು ಹೋಗುವುದಿಲ್ಲ. ಆದ್ದರಿಂದ ಪೆಂಟಾದ ಮೂರನೇ ಡೋಸು, ಅದರ ಜೊತೆಗೆ ಕೊಡುವ ಪೋಲಿಯೊ ಚುಚ್ಚುಮದ್ದು, ನ್ಯುಮೋನಿಯಾ ತಡೆಯುವ ಪಿಸಿವಿ, ರೋಟಾವೈರಸ್ ಹನಿ ಎಲ್ಲವೂ ಒಟ್ಟಿಗೇ ತಪ್ಪುತ್ತವೆ. ನಮ್ಮ ರಿಜಿಸ್ಟರಿನಲ್ಲಿ ಅದರ ಎದುರು 'ಊರಲ್ಲಿಲ್ಲ' ಎಂದು ಬರೆಯುತ್ತಿದ್ದೆವು. ಅಷ್ಟಕ್ಕೆ ನಮ್ಮ ಜವಾಬ್ದಾರಿ ಮುಗಿಯಿತೆಂದು ಮೇಲಿನವರೂ ಒಪ್ಪಿಕೊಳ್ಳುತ್ತಿದ್ದರು.

ಬೆಂಗಳೂರಿನ ಶೆಡ್ಡಿನಲ್ಲಿರುವ ಆ ಮಗು ಅಲ್ಲಿಯ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಗರದ ಆಶಾ ಕಾರ್ಯಕರ್ತೆಗೆ ಹಂಚಿರುವುದು ಬೀದಿ ಮತ್ತು ಮನೆಗಳು. ತಗಡಿನ ಬೇಲಿಯೊಳಗಿನ ಕಾರ್ಮಿಕರ ಶೆಡ್ಡು ಅವಳ ನಕ್ಷೆಯಲ್ಲಿ ಬರುವುದು ಅಪರೂಪ, ಬಂದರೂ ಕಾವಲುಗಾರ ಒಳಗೆ ಬಿಡುವುದಿಲ್ಲ. ಕಟ್ಟಡ ಮುಗಿದ ಮೇಲೆ ಶೆಡ್ಡು ಇನ್ನೊಂದು ಬಡಾವಣೆಗೆ ಹೋಗುತ್ತದೆ. ಯಾವ ಮಗುವಿಗೂ ದೇಶದ ಯಾವ ಸರ್ಕಾರಿ ಕೇಂದ್ರದಲ್ಲಾದರೂ ಉಚಿತವಾಗಿ ಲಸಿಕೆ ಹಾಕಬಹುದೆಂಬುದು ನಿಯಮ. ಆದರೂ 'ನಿಮ್ಮ ಊರಿಗೇ ಹೋಗಿ ಹಾಕಿಸಿ' ಎಂದು ವಾಪಸು ಕಳುಹಿಸಿದರೆಂದು ಮರಳಿ ಬಂದ ತಾಯಂದಿರು ಎಷ್ಟೋ ಬಾರಿ ನನ್ನೆದುರು ಹೇಳಿದ್ದಾರೆ. ಅಂಥ ಮಾತು ಒಮ್ಮೆ ಕೇಳಿದವಳು ಮತ್ತೊಂದು ದಿನದ ಕೂಲಿ ಬಿಟ್ಟು ಇನ್ನೊಂದು ಕೇಂದ್ರಕ್ಕೆ ಹೋಗುವುದಿಲ್ಲ, ಹೋಗಬೇಕೆಂದು ನಿರೀಕ್ಷಿಸುವ ಹಕ್ಕೂ ನಮಗಿಲ್ಲ.

ಗುಳೆ ಹೋಗದ ಮನೆಗಳಲ್ಲೂ ಇದೇ ಬಗೆಯ ಸಣ್ಣ ಬಿರುಕೊಂದಿದೆ, ಅದು ಬಾಣಂತನ. ಗರ್ಭಿಣಿಯ ಹೆಸರು ನೋಂದಾಯಿಸುವುದು ಗಂಡನ ಊರಿನ ಉಪಕೇಂದ್ರದಲ್ಲಿ, ಹೆರಿಗೆ ತವರಿನಲ್ಲಿ, ಮೂರೋ ಐದೋ ತಿಂಗಳಿಗೆ ಮತ್ತೆ ಗಂಡನ ಮನೆ. ಆರು, ಹತ್ತು, ಹದಿನಾಲ್ಕನೇ ವಾರಗಳು ಬರುವುದು ಸರಿಯಾಗಿ ಈ ಓಡಾಟದ ನಡುವೆಯೇ. ಅಲ್ಲಿಯವರು ಇಲ್ಲಿ ಹಾಕಿಸುತ್ತಾರೆಂದೂ, ಇಲ್ಲಿಯವರು ಅಲ್ಲಿ ಹಾಕಿಸಿರಬಹುದೆಂದೂ ಭಾವಿಸುತ್ತಾರೆ. ಕರ್ನಾಟಕದ ಯಾವ ಜಿಲ್ಲೆಯಲ್ಲೂ ಇದು ಹೊಸ ಸಂಗತಿಯಲ್ಲ. ಆದರೂ ನಮ್ಮ ಪಟ್ಟಿಗಳನ್ನು ಇನ್ನೂ ಹೆಣ್ಣುಮಕ್ಕಳು ತವರಿಗೆ ಹೋಗುವುದೇ ಇಲ್ಲವೆಂಬಂತೆ ತಯಾರಿಸುತ್ತಾರೆ.

ತಾಯಿ ಕಾರ್ಡಿನ ವಿಷಯವನ್ನೂ ಇಲ್ಲೇ ಹೇಳಬೇಕು. ಯಾವ ಲಸಿಕೆ ಆಗಿದೆ, ಯಾವುದು ಬಾಕಿಯಿದೆ ಎಂಬುದಕ್ಕೆ ಗುಳೆ ಹೋದ ಮಗುವಿನ ಬಳಿ ಇರುವ ಏಕೈಕ ಸಾಕ್ಷಿ ಆ ಕಾರ್ಡು. ಅದು ಹೆಚ್ಚಾಗಿ ಊರಿನ ಟ್ರಂಕಿನಲ್ಲಿ ಉಳಿದಿರುತ್ತದೆ, ಇಲ್ಲವೇ ಸೋರುವ ಶೆಡ್ಡಿನಲ್ಲಿ ನೆನೆದು ಹೋಗಿರುತ್ತದೆ. ಯು-ವಿನ್ ಎಂಬ ಡಿಜಿಟಲ್ ವ್ಯವಸ್ಥೆಯನ್ನು 2023ರಲ್ಲಿ ಕೆಲವು ಜಿಲ್ಲೆಗಳಲ್ಲಿ ಪ್ರಯೋಗಿಸಿ ಆಮೇಲೆ ದೇಶಕ್ಕೆಲ್ಲ ವಿಸ್ತರಿಸಿರುವುದು ಈ ತೊಡಕನ್ನು ಬಿಡಿಸಬಲ್ಲ ಒಳ್ಳೆಯ ಹೆಜ್ಜೆ; ಎಲ್ಲಿ ಲಸಿಕೆ ಹಾಕಿದರೂ ದಾಖಲೆ ಒಂದೇ ಕಡೆ ಸೇರಬೇಕೆಂಬುದು ಅದರ ಉದ್ದೇಶ. ಆದರೆ ಆ ದಾಖಲೆ ಮೊಬೈಲ್ ಸಂಖ್ಯೆಗೆ ಅಂಟಿಕೊಂಡಿದೆ. ಮನೆಯಲ್ಲಿರುವ ಒಂದೇ ಫೋನು ಗಂಡನ ಕೈಯಲ್ಲಿರುತ್ತದೆ, ಸಿಮ್ಮು ವರ್ಷಕ್ಕೊಮ್ಮೆ ಬದಲಾಗುತ್ತದೆ, ಮುಂದಿನ ಡೋಸಿನ ಸಂದೇಶವನ್ನು ಓದಬೇಕಾದ ತಾಯಿಗೆ ಓದು ಬರುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ರಾಜ್ಯದಲ್ಲೇ ಅತಿ ಕಡಿಮೆ, ಅಂದರೆ ಶೇ 52ರ ಆಸುಪಾಸಿನ ಸಾಕ್ಷರತೆಯ ಜಿಲ್ಲೆಯಾಗಿತ್ತು. ಹೆಣ್ಣುಮಕ್ಕಳದ್ದು ಅದಕ್ಕಿಂತ ಬಹಳ ಕೆಳಗೆ. ತಾಯಿಯ ಓದು ಹೆಚ್ಚಿದಂತೆ ಮಗುವಿನ ಲಸಿಕೆಯೂ ಹೆಚ್ಚುತ್ತದೆ ಎಂದು ಸಮೀಕ್ಷೆಗಳು ಹೇಳುವುದು ನಿಜ. ಇದರಿಂದ ಓದದ ತಾಯಿ ಲಸಿಕೆಯ ವಿರೋಧಿ ಎಂದು ತೀರ್ಮಾನಿಸುವುದು ಮಾತ್ರ ತಪ್ಪು. ಕಾರ್ಡಿನ ಮೇಲಿನ ದಿನಾಂಕ ಅವಳಿಗೆ ಓದಲು ಬಾರದು, ಕೇಳಿದರೆ ಗದರಿಸಿಯಾರೆಂಬ ಅಂಜಿಕೆ ಬೇರೆ. ಓದಿದ ತಾಯಿಗೆ ನಾವು ಕೊಡುವ ಉತ್ತರದ ಧಾಟಿಯೂ ಇವಳಿಗೆ ಕೊಡುವ ಉತ್ತರದ ಧಾಟಿಯೂ ಒಂದೇ ಅಲ್ಲವೆಂಬುದು ನಮ್ಮ ಇಲಾಖೆಯವರಿಗೆಲ್ಲ ಗೊತ್ತಿರುವ ವಿಷಯ.

ಇನ್ನು ಜ್ವರದ ಮಾತು. ಪೆಂಟಾ ಹಾಕಿದ ರಾತ್ರಿ ಹಲವು ಮಕ್ಕಳಿಗೆ ಮೈ ಬಿಸಿಯಾಗುತ್ತದೆ, ತೊಡೆ ಬಾತು ಕೆಂಪಾಗುತ್ತದೆ, ಮಗು ಅಳುತ್ತದೆ. ಅದು ಸಹಜ, ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಆದರೆ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಲಸಿಕೆಗೆಂದು ಒಂದು ದಿನ, ಜ್ವರದ ಮಗುವನ್ನು ನೋಡಿಕೊಳ್ಳಲು ಇನ್ನೊಂದು ದಿನ ಹೋದರೆ ಆ ಮನೆಗೆ ಎರಡು ದಿನದ ಕೂಲಿ ಇಲ್ಲವಾಗುತ್ತದೆ. 'ಚಲೋ ಇದ್ದ ಕೂಸಿಗೆ ಸೂಜಿ ಮಾಡಿಸಿ ಜ್ವರ ತಂದ್ರಿ' ಎನ್ನುವ ಅತ್ತೆಯ ಮಾತನ್ನು ಮೂಢನಂಬಿಕೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವಳು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾಳೆ. ಇವತ್ತು ಯಾವ ಲಸಿಕೆ ಹಾಕಿದೆವು, ಅದು ಯಾವ ರೋಗ ತಡೆಯುತ್ತದೆ, ಏನಾಗಬಹುದು, ಆದರೆ ಏನು ಮಾಡಬೇಕು, ಮುಂದಿನ ಬಾರಿ ಎಂದು ಬರಬೇಕು, ಕಾರ್ಡನ್ನು ಜೋಪಾನವಾಗಿಟ್ಟು ಮತ್ತೆ ತರಬೇಕು: ಇಷ್ಟನ್ನು ಪ್ರತಿ ತಾಯಿಗೂ ಹೇಳಬೇಕೆಂದು ನಮ್ಮ ತರಬೇತಿಯಲ್ಲೇ ಇದೆ. ಹೇಳಲು ಎರಡು ನಿಮಿಷ ಸಾಕು. ಐದು ಸಾವಿರ ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬುದು ಲೆಕ್ಕ. ಪಕ್ಕದ ಹುದ್ದೆ ಖಾಲಿಯಿದ್ದಾಗ ಎರಡು ಉಪಕೇಂದ್ರಗಳ ಭಾರ ಒಬ್ಬಳ ಮೇಲೆ ಬೀಳುತ್ತದೆ. ಆಗ ಮೊದಲು ಬಿಟ್ಟುಹೋಗುವುದು ಆ ಎರಡು ನಿಮಿಷವೇ.

ಹೊರಗಿನವರಿಗೆ ಅಷ್ಟಾಗಿ ತಿಳಿಯದ ಇನ್ನೊಂದು ಕಾರಣ ವೈಯಲ್ಲಿನದು, ಅಂದರೆ ಲಸಿಕೆಯ ಸಣ್ಣ ಸೀಸೆಯದು. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಗಳು ಪುಡಿಯ ರೂಪದಲ್ಲಿ ಬರುತ್ತವೆ; ದ್ರಾವಣ ಬೆರೆಸಿದ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದು ವೈಯಲ್ಲಿನಲ್ಲಿ ಹಲವು ಮಕ್ಕಳಿಗಾಗುವಷ್ಟು ಡೋಸುಗಳಿರುತ್ತವೆ. ಗುರುವಾರ ಹತ್ತು ಮನೆಯ ತಾಂಡಾಕ್ಕೆ ಹೋದಾಗ ಒಂಬತ್ತು ತಿಂಗಳು ತುಂಬಿದ ಮಗು ಒಂದೇ ಇದ್ದರೆ ದಾದಿ ಏನು ಮಾಡಬೇಕು? ಒಂದೇ ಮಗುವಿದ್ದರೂ ವೈಯಲ್ ಒಡೆಯಬೇಕು, ಮಗುವನ್ನು ವಾಪಸು ಕಳುಹಿಸಬಾರದು ಎನ್ನುತ್ತದೆ ಮಾರ್ಗಸೂಚಿ. ಆದರೆ ತಿಂಗಳ ಪರಿಶೀಲನಾ ಸಭೆಯಲ್ಲಿ 'ಇಷ್ಟು ಡೋಸು ಪೋಲಾಗಿದ್ದೇಕೆ' ಎಂದು ಎದ್ದು ನಿಲ್ಲಿಸುತ್ತಾರೆಯೇ ಹೊರತು 'ಇಷ್ಟು ಮಕ್ಕಳನ್ನು ವಾಪಸು ಕಳುಹಿಸಿದ್ದೇಕೆ' ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ 'ಮುಂದಿನ ಗುರುವಾರ ಬಾರವ್ವ' ಎಂಬ ಮಾತು ಹುಟ್ಟುತ್ತದೆ. ಸಣ್ಣ ಊರುಗಳಿಗೆ ಈ ಅನ್ಯಾಯ ಹೆಚ್ಚು, ಏಕೆಂದರೆ ಅಲ್ಲಿ ಮಕ್ಕಳು ಒಟ್ಟುಗೂಡುವುದೇ ಕಷ್ಟ.

ಇದೆಲ್ಲ ನನ್ನ ಅನುಭವದ ಮಾತಾಯಿತು ಎನ್ನುವವರಿಗೆ ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಸೇವಾ ಮಂದಿರ ಸಂಸ್ಥೆಯ ಜೊತೆಗೂಡಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಸಹವರ್ತಿಗಳು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸಬಯಸುತ್ತೇನೆ. ಹೊಸದಾಗಿ ಏನನ್ನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ 6ರಷ್ಟಿದ್ದರು. ಪ್ರತಿ ತಿಂಗಳೂ ತಪ್ಪದೆ ಹೇಳಿದ ದಿನ, ಹೇಳಿದ ಜಾಗದಲ್ಲಿ ಶಿಬಿರ ನಡೆಸಿದ ಹಳ್ಳಿಗಳಲ್ಲಿ ಅದು ಶೇ 18 ಆಯಿತು. ಅದರ ಮೇಲೆ ಪ್ರತಿ ಬಾರಿ ಒಂದು ಕಿಲೊ ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ 39ಕ್ಕೆ ಏರಿತು. ಹೆಚ್ಚು ಮಕ್ಕಳು ಬಂದದ್ದರಿಂದ, ಬೇಳೆಯ ಖರ್ಚು ಸೇರಿಸಿದರೂ ಒಂದು ಮಗುವಿಗೆ ಪೂರ್ಣ ಲಸಿಕೆ ಹಾಕಲು ತಗಲುವ ವೆಚ್ಚ ಅರ್ಧದಷ್ಟಕ್ಕೆ ಇಳಿಯಿತು. ಒಂದು ಕಿಲೊ ಬೇಳೆಗೆ ಯಾರೂ ತಮ್ಮ ನಂಬಿಕೆಯನ್ನು ಮಾರಿಕೊಳ್ಳುವುದಿಲ್ಲ. ಮೊದಲೇ ಒಪ್ಪಿಗೆಯಿದ್ದ ತಾಯಿಗೆ ಆ ದಿನದ ನಷ್ಟವನ್ನು ಅದು ಅಷ್ಟಿಷ್ಟು ತುಂಬಿಕೊಟ್ಟಿತು. ಬೇಳೆ ಕೊಟ್ಟಾಗಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಾಕಿ ಉಳಿದರು ಎಂಬುದನ್ನೂ ಮರೆಯುವಂತಿಲ್ಲ. ನಮ್ಮ ರಾಜ್ಯದ ಸ್ಥಿತಿ ಆ ಹಳ್ಳಿಗಳಿಗಿಂತ ಎಷ್ಟೋ ಮೇಲು. ಆದರೆ ಕೊನೆಗೆ ಉಳಿದ ಮಕ್ಕಳ ವಿಷಯದಲ್ಲಿ ಕಾರಣಗಳು ಅವೇ.

ವದಂತಿಗಳ ಪಾತ್ರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್ ಸಂದೇಶಗಳು ಮಾಡಿದ ಹಾವಳಿಯನ್ನು ಕಂಡಿದ್ದೇನೆ. ಆದರೆ ಆಗ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿ ಉಳಿಸಿಕೊಂಡವರಲ್ಲಿ ಸ್ಮಾರ್ಟ್‌ಫೋನಿದ್ದ, ಖಾಸಗಿ ಶಾಲೆಗೆ ಶುಲ್ಕ ಕಟ್ಟುತ್ತಿದ್ದ ಪಾಲಕರೂ ಸಾಕಷ್ಟಿದ್ದರು. ಅವರ ಅನುಮಾನವನ್ನು ಯಾರೂ ಮೂಢನಂಬಿಕೆ ಎಂದು ಕರೆಯಲಿಲ್ಲ, 'ಆತಂಕ' ಎಂದರು.

ಲಸಿಕೆ ತಪ್ಪಿದರೆ ಏನಾಗುತ್ತದೆಂಬುದು ಊಹೆಯ ಮಾತಲ್ಲ. ದಡಾರ ಬಂದ ಒಂದು ಮಗು, ರಕ್ಷಣೆಯಿಲ್ಲದ ಮಕ್ಕಳ ನಡುವೆ ಹನ್ನೆರಡರಿಂದ ಹದಿನೆಂಟು ಮಂದಿಗೆ ಅದನ್ನು ದಾಟಿಸಬಲ್ಲದು. ಅದನ್ನು ತಡೆಯಲು ನೂರಕ್ಕೆ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸು ಆಗಿರಬೇಕು. 2022ರ ಕೊನೆಯಲ್ಲಿ ಮುಂಬೈನ ಗೋವಂಡಿಯ ಕೊಳೆಗೇರಿಗಳಲ್ಲಿ, ದುಡಿಯಲು ಬಂದವರೇ ಕಿಕ್ಕಿರಿದು ವಾಸಿಸುವ ಜಾಗದಲ್ಲಿ, ದಡಾರ ಹಬ್ಬಿ ಮಕ್ಕಳನ್ನು ಬಲಿ ತೆಗೆದುಕೊಂಡಿತು. ಪಠ್ಯಪುಸ್ತಕದಲ್ಲಷ್ಟೇ ಉಳಿಯಬೇಕಿದ್ದ ಗಂಟಲುಮಾರಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇನ್ನೂ ಆಗಾಗ ತಲೆ ಎತ್ತುತ್ತಿದೆ. ಅದನ್ನು ತಡೆಯುವ ಲಸಿಕೆ ಇರುವುದು ಪೆಂಟಾದಲ್ಲಿ ಮತ್ತು ಆಮೇಲಿನ ಡಿಪಿಟಿ ಬೂಸ್ಟರುಗಳಲ್ಲಿ. ಹೆಚ್ಚು ತಪ್ಪುತ್ತಿರುವುದೂ ಅವೇ.

ವಲಸೆ ಹೋಗುವ ಮಗುವನ್ನು ಹಿಂಬಾಲಿಸುವುದು ಸಾಧ್ಯವಿಲ್ಲ ಎನ್ನುವವರು ಪೋಲಿಯೊವನ್ನು ನೆನಪಿಸಿಕೊಳ್ಳಬೇಕು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕೊನೆಯ ಪ್ರಕರಣ ಕಂಡು, 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತವೆಂದು ದೃಢೀಕರಣ ಪಡೆದ ದೇಶ ನಮ್ಮದು. ಇಟ್ಟಿಗೆ ಭಟ್ಟಿ, ಕಟ್ಟಡದ ಸೈಟು, ಅಲೆಮಾರಿಗಳ ಬಿಡಾರಗಳ ಪ್ರತ್ಯೇಕ ಪಟ್ಟಿಗಳನ್ನು ಆಗ ತಯಾರಿಸಿದ್ದೆವು. ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಬೂತು ಹಾಕಿದ್ದೆವು. ಚುಚ್ಚುಮದ್ದನ್ನು ಹನಿಯಂತೆ ಬಸ್ಸಿನ ಮೆಟ್ಟಿಲ ಮೇಲೆ ಕೊಡಲಾಗದು, ಸರಿ. ಆದರೆ ಪಟ್ಟಿ ಮಾಡುವ ವಿದ್ಯೆ ನಮಗೆ ಗೊತ್ತಿತ್ತು. ಅದು ಪೋಲಿಯೊ ಭಾನುವಾರದ ವಿದ್ಯೆಯಾಗಿ ಉಳಿಯಿತು, ವಾರವಾರದ ಲಸಿಕೆಗೆ ಇಳಿಯಲಿಲ್ಲ.

ಈಗ ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ದೀಪಾವಳಿಗೆ ಮುಂಚಿನ ಎರಡು ವಾರಗಳಲ್ಲಿ ಗುಳೆ ಹೋಗುವ ಊರುಗಳಲ್ಲಿ ಒಂದು ಸುತ್ತು, ಯುಗಾದಿಯ ನಂತರ ಮತ್ತೊಂದು ಸುತ್ತು ಲಸಿಕೆ ನಡೆಯಲಿ. ಹೊರಟವರ ಕಾರ್ಡಿನ ಎರಡನೇ ಪ್ರತಿಯನ್ನು ಮೇಸ್ತ್ರಿಯ ಹೆಸರು ಮತ್ತು ಹೋಗುವ ಊರಿನ ಸಮೇತ ಉಪಕೇಂದ್ರ ಇಟ್ಟುಕೊಳ್ಳಲಿ. ತಡವಾದ ಮಾತ್ರಕ್ಕೆ ಲಸಿಕೆಯನ್ನು ಮೊದಲಿನಿಂದ ಆರಂಭಿಸಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ ಹಾಕಲು ಅವಕಾಶವಿದೆ. ಇದು ಗೊತ್ತಿಲ್ಲದೆ 'ಇನ್ನು ಹೇಗೂ ತಪ್ಪಿತಲ್ಲ' ಎಂದು ಸುಮ್ಮನಾದ ಪಾಲಕರು ಬಹಳ. ನಗರಗಳಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗುತ್ತದೆ. ಆ ಹಣದ ಒಂದು ಅಂಶದಿಂದ ಸಂಜೆಯ ಹೊತ್ತು ಅಥವಾ ಭಾನುವಾರ ಶೆಡ್ಡುಗಳಲ್ಲೇ ಲಸಿಕೆ ಹಾಕುವ ವ್ಯವಸ್ಥೆ ಮಾಡಬಹುದು, ದಾದಿಯನ್ನು ಒಳಗೆ ಬಿಡುವುದನ್ನು ಕಟ್ಟಡದ ಪರವಾನಗಿಯ ಷರತ್ತಾಗಿಸಬಹುದು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್ಟುಗಳಲ್ಲಿ ವರ್ಷಕ್ಕೆ ಐದು ಸಾವಿರ ಕೋಟಿ ರೂಪಾಯಿ ಘೋಷಣೆಯಾಗಿದೆ. ಅದರಲ್ಲಿ ಕಟ್ಟಡಗಳು ಏಳುತ್ತವೆ, ಏಳಲಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಈ ಭಾಗದವು. ಆ ಹಿಂದುಳಿದಿರುವಿಕೆಯನ್ನು ನೀಗಿಸಲೆಂದು ಇರುವ ಹಣ ಅದು. ಖಾಲಿಯಿರುವ ದಾದಿಯರ ಹುದ್ದೆ ತುಂಬಲು, ತಾಂಡಾಗಳಿಗೆ ಲಸಿಕೆ ಒಯ್ಯುವ ವಾಹನಕ್ಕೆ ಅದರಲ್ಲಿ ಜಾಗ ಸಿಗಬೇಕು. ಒಂದು ಮಗುವಿಗೆ ಮೊದಲ ವರ್ಷದ ಲಸಿಕೆಗಳೆಲ್ಲ ಮುಗಿದರೆ ಆಶಾ ಕಾರ್ಯಕರ್ತೆಗೆ ಸಿಗುವ ಪ್ರೋತ್ಸಾಹಧನ ನೂರು ರೂಪಾಯಿ. ಗುಳೆ ಹೋದ ಮಗುವಿನ ಬೆನ್ನು ಹತ್ತಿ ಫೋನು ಮಾಡಿ, ದಾಖಲೆ ಹುಡುಕಿದ ಶ್ರಮಕ್ಕೆ ಸಿಗುವುದು ಏನೂ ಇಲ್ಲ, ಏಕೆಂದರೆ ಡೋಸು ಬಿದ್ದದ್ದು ಬೇರೆಲ್ಲೋ. ಮೂಲ ಊರಿನವಳಿಗೂ ಲಸಿಕೆ ಹಾಕಿಸಿದ ಊರಿನವಳಿಗೂ ಈ ಹಣ ಸಂದಾಯವಾಗುವಂತೆ ನಿಯಮ ಬದಲಿಸುವುದು ಕಷ್ಟವೇನಲ್ಲ.

ಕೊನೆಯದಾಗಿ ಆರೋಗ್ಯ ಇಲಾಖೆಗೆ ತಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ. ಮೊದಲ ಪೆಂಟಾ ಪಡೆದ ಮಕ್ಕಳೆಷ್ಟು, ಅವರಲ್ಲಿ ಮೂರನೆಯದನ್ನೂ ದಡಾರದ ಎರಡು ಡೋಸುಗಳನ್ನೂ ಪಡೆದವರೆಷ್ಟು ಎಂಬುದನ್ನು ಜಿಲ್ಲಾವಾರು ಬಿಟ್ಟು ಉಪಕೇಂದ್ರವಾರು ಪ್ರತಿ ತ್ರೈಮಾಸಿಕವೂ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಲಿ. 'ಊರಲ್ಲಿಲ್ಲ' ಎಂದು ಬರೆದ ಮಕ್ಕಳನ್ನು ಒಟ್ಟು ಲೆಕ್ಕದಿಂದ ಕಳೆಯದೆ ಬಾಕಿಯೆಂದೇ ತೋರಿಸಲಿ. ಬರುವ ದಸರೆಯ ಮುಂಚೆ ಯಾದಗಿರಿ ಮತ್ತು ರಾಯಚೂರು ಜಿಲ್ಲೆಗಳಿಂದಲೇ ಇದನ್ನು ಆರಂಭಿಸಬಹುದು. ಅದಕ್ಕೆ ಬೇಕಾದ ಮಾಹಿತಿಯೆಲ್ಲ ಈಗಾಗಲೇ ಉಪಕೇಂದ್ರದ ರಿಜಿಸ್ಟರಿನಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಯಾದಗಿರಿ ಜಿಲ್ಲೆ